ಲೈನಿಂಗ್ ಇಲ್ಲದ ರವಿಕೆ: ಮಂಡಿಪೇಟೆಯ ಒಂದು ಹೊಲಿಗೆ ಅಂಗಡಿ

ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ, ಮಟಮಟ ಮಧ್ಯಾಹ್ನ, ಲೈನಿಂಗ್ ಹಾಕಿದ ರವಿಕೆ ತೊಟ್ಟು ಓಡಾಡುವುದು ಎಂಥ ಶಿಕ್ಷೆಯೆಂದು ತೊಟ್ಟವರಿಗೇ ಗೊತ್ತು. ಹಾಗಾಗಿ ಈ ಬಾರಿ ಮಂಡಿಪೇಟೆಯ ಒಂದು ಚಿಕ್ಕ ಹೊಲಿಗೆ ಅಂಗಡಿಗೆ ‘ಟೂ ಬೈ ಟೂ’ ಎನ್ನುವ ಎರಡೆಳೆ ನೂಲಿನ 3 ಹತ್ತಿ ರವಿಕೆ ಬಟ್ಟೆಗಳನ್ನು ಕೊಟ್ಟು, ಲೈನಿಂಗ್ ಇಲ್ಲದೆ, ಕಂಕುಳಲ್ಲಿ ತುಸು ಸಡಿಲ ಬಿಟ್ಟು ಹೊಲಿಯಲು ಹೇಳಿದೆ. ‘ಲೈನಿಂಗ್ ಇಲ್ಲಂದ್ರೆ ಫಿಟ್ಟಿಂಗ್ ಕೂರಲ್ರೀ ಅಕ್ಕಾರೆ’ ಎಂದು ಟೈಲರ್ ಎರಡು ಸಲ ಎಚ್ಚರಿಸಿದರು. ಹತ್ತಿ ಗಿರಣಿಗಳಿಂದಲೇ ಹೆಸರಾದ ಊರಿನಲ್ಲಿ ಬರೀ ಹತ್ತಿಯ ರವಿಕೆ ಹೊಲಿಸಲು ಇಷ್ಟು ವಾದ ಮಾಡಬೇಕಾಯಿತು!

ಈ ಬಿಗಿಯೂ ಪದರವೂ ನಮ್ಮ ಬಿಸಿಲಿಗೆಂದು ಹುಟ್ಟಿದವಲ್ಲ. ವಸಾಹತು ಕಾಲದ ಇಂಗ್ಲಿಷ್ ಹೆಂಗಸರು ಇಲ್ಲಿಯ ಸೆಖೆಯಲ್ಲೂ ಸೊಂಟ ಬಿಗಿಯುವ ಒಳಉಡುಪಾದ ಕಾರ್ಸೆಟ್ ಬಿಡಲಿಲ್ಲ. ಮೈಗೆ ಫ್ಲಾನೆಲ್ ಎಂಬ ಉಣ್ಣೆ ಬಟ್ಟೆ ತಾಗಿರುವುದೇ ಆರೋಗ್ಯವೆಂದು ಅವರ ವೈದ್ಯರು ಹೇಳುತ್ತಿದ್ದರು. 1860ರ ದಶಕದಲ್ಲಿ, ಐ.ಸಿ.ಎಸ್. ಅಧಿಕಾರಿ ಸತ್ಯೇಂದ್ರನಾಥ ಠಾಕೂರರ ಪತ್ನಿ ಜ್ಞಾನದಾನಂದಿನಿ ದೇವಿ ಮುಂಬಯಿಯ ಪಾರಸಿ ಹೆಂಗಸರ ಉಡುಗೆಯನ್ನು ಕಂಡು, ಸೀರೆಯೊಂದಿಗೆ ರವಿಕೆ, ಒಳಲಂಗ ತೊಡುವ ರೀತಿಯನ್ನು ಬಂಗಾಳದ ಮನೆಗಳಿಗೆ ಒಯ್ದರು. ಅಂತಃಪುರದ ಹೆಣ್ಣು ಹೊಸ್ತಿಲು ದಾಟಿ ನಾಲ್ಕು ಜನರೆದುರು ಬರಲು ಅದರಿಂದ ದಾರಿಯಾಯಿತು ಎಂಬುದನ್ನು ಅಲ್ಲಗಳೆಯಲಾರೆ. ತಿರುವಾಂಕೂರು ಸಂಸ್ಥಾನದಲ್ಲಂತೂ ನಾಡಾರ್ ಜಾತಿಯ ಹೆಂಗಸರು ಎದೆ ಮುಚ್ಚುವ ಹಕ್ಕಿಗಾಗಿಯೇ ದಶಕಗಳ ಕಾಲ ಸೆಣಸಿ 1859ರಲ್ಲಿ ರಾಜಾಜ್ಞೆ ಪಡೆದರು, ಅದೂ ಮೇಲ್ಜಾತಿಯವರಂತೆ ಉಡಕೂಡದೆಂಬ ಷರತ್ತಿನೊಡನೆ. ಅಷ್ಟಾದರೂ ನನ್ನ ಅಜ್ಜಿ ತೊಡುತ್ತಿದ್ದ, ಮುಂದೆ ಗಂಟು ಹಾಕುವ ಗುಳೇದಗುಡ್ಡದ ಖಣದ ಕುಪ್ಪಸ ಮೈಯನ್ನೂ ಮುಚ್ಚುತ್ತಿತ್ತು, ಗಾಳಿಯನ್ನೂ ತಡೆಯುತ್ತಿರಲಿಲ್ಲ.

ಟೈಲರ್ ಹೆದರಿಸಿದಂತೆ ಏನೂ ಆಗಲಿಲ್ಲ. ಎರಡು ರವಿಕೆಗಳು ಅಳತೆ ರವಿಕೆಯಷ್ಟೇ ಸರಿಯಾಗಿ ಕೂತಿವೆ, ಒಳಹೊಲಿಗೆಗೆಲ್ಲ ಅಂಚಿನ ನೂಲು ಬಿಡದಂತೆ ಇಂಟರ್‌ಲಾಕ್ ಹೊಲಿಗೆ ಹಾಕಿದ್ದಾರೆ, ನಾಲ್ಕು ಸಲ ಒಗೆದರೂ ನೂಲು ಬಿಟ್ಟಿಲ್ಲ. ಮೂರನೆಯದಕ್ಕೆ ಮಾತ್ರ ಅಭ್ಯಾಸಬಲದಿಂದ ಬೆನ್ನಿಗೆ ಲೈನಿಂಗ್ ಕೊಟ್ಟಿದ್ದರು. ತಕರಾರಿಲ್ಲದೆ ಬಿಚ್ಚಿಕೊಟ್ಟರಾದರೂ ಅದಕ್ಕೆ 4 ದಿನ ಕಾಯಿಸಿದರು. ಮಜೂರಿ ಒಂದಕ್ಕೆ 300 ರೂಪಾಯಿ. ತೊಟ್ಟು ನೋಡಲು ಪ್ರತ್ಯೇಕ ಕೋಣೆಯಿಲ್ಲದೆ ಮೂಲೆಗೊಂದು ಪರದೆ ಇಳಿಬಿಟ್ಟಿರುವುದು ನನಗೆ ಹಿಡಿಸಲಿಲ್ಲ.

ಮದುವೆಯ ಹಂಗಾಮಿನಲ್ಲಿ ಕೊಡುವವರು 15 ದಿನ ಮುಂಚಿತವಾಗಿ ಕೊಡುವುದು ಒಳಿತು. ‘ಲೈನಿಂಗ್ ಬೇಡ’ ಎಂಬುದನ್ನು ಬಟ್ಟೆಗೆ ಪಿನ್ನು ಮಾಡುವ ಚೀಟಿಯ ಮೇಲೆ ನಿಮ್ಮೆದುರೇ ಬರೆಸಿ.