ತುಕ್ಕು ಹಿಡಿದ ಕಾರ್ಟ್ರಿಜ್ ಸ್ಕ್ರೂ: ಗೇಮ್‌ಬಿಟ್ಟಾ, ಡ್ರಿಲ್ಲಾ?

ಕಾರವಾರದ ಉಪ್ಪುಗಾಳಿಗೆ ಹಳೆ ವಿಡಿಯೋ ಗೇಮ್ ಕಾರ್ಟ್ರಿಜ್‌ನ ಸ್ಕ್ರೂ ತುಕ್ಕು ಹಿಡಿಯುವುದು ಬೇಗ, ಮಳೆಗಾಲದಲ್ಲಂತೂ ಇನ್ನೂ ಜಾಸ್ತಿ. ಸ್ಕ್ರೂ ತಲೆ ಚೆನ್ನಾಗಿದ್ದರೆ ಯೋಚನೆಯೇ ಬೇಡ, ಗೇಮ್‌ಬಿಟ್ (ಈ ಸ್ಕ್ರೂಗೆ ಹೊಂದುವ ವಿಶೇಷ ಸ್ಕ್ರೂಡ್ರೈವರ್ ತುದಿ) ತರಿಸಿ. ನಿಂಟೆಂಡೊ 64, ಸೂಪರ್ ನಿಂಟೆಂಡೊ ಕಾರ್ಟ್ರಿಜ್‌ಗೆ 3.8 ಮಿ.ಮೀ. ಬೇಕು, 4.5 ಮಿ.ಮೀ.ಯದು ಕನ್ಸೋಲ್‌ಗೆ, ಅಂದರೆ ಗೇಮ್ ಆಡುವ ಯಂತ್ರಕ್ಕೆ. ಪ್ಲಾಸ್ಟಿಕ್ ಪೆನ್ನಿನ ತುದಿ ಕರಗಿಸಿ, ಸ್ಕ್ರೂ ತಲೆಗೆ ಒತ್ತಿ ಅಚ್ಚು ಮಾಡಿಕೊಂಡು ತಿರುಗಿಸುವ ಉಪಾಯ ಅಗ್ಗ. ಆದರೆ ಬಿಗಿದ ಸ್ಕ್ರೂ ಮುಂದೆ ಪ್ಲಾಸ್ಟಿಕ್ಕೇ ತಿರುಚಿಕೊಳ್ಳುತ್ತದೆ.

ತಲೆ ಸವೆದಿದೆಯಾ? ಮೊದಲು ಸೋಲ್ಡರಿಂಗ್ ಐರನ್ ತುದಿಯನ್ನು ಸ್ಕ್ರೂಗೆ ಕೆಲವೇ ಸೆಕೆಂಡ್ ಮುಟ್ಟಿಸಿ. ಸುತ್ತಲಿನ ಪ್ಲಾಸ್ಟಿಕ್ ಮೆತ್ತಗಾಗಿ ಹಿಡಿತ ಸಡಿಲವಾಗಬಹುದು. ಆಗಲೂ ಬರದಿದ್ದರೆ ಎಡತಿರುವಿನ (ಬಿಚ್ಚುವ ದಿಕ್ಕಿಗೆ ತಿರುಗಿ ಕೊರೆಯುವ) ಡ್ರಿಲ್ ಬಿಟ್ ನನ್ನ ಆಯ್ಕೆ: ಕೊರೆಯುವಾಗಲೇ ಸ್ಕ್ರೂ ಬಿಚ್ಚಿಕೊಳ್ಳುವುದುಂಟು. ಮಾಮೂಲಿ ಬಿಟ್ ತಿರುಗುವುದು ಬಿಗಿಯುವ ದಿಕ್ಕಿಗೇ, ಅಲ್ವಾ? ನಿಧಾನವಾಗಿ ಕೊರೆಯಿರಿ. ಲೋಹದ ಪುಡಿ ಒಳಗಿನ ಬೋರ್ಡ್ ಮೇಲೆ ಉಳಿದರೆ ಶಾರ್ಟ್ ಆಗುತ್ತದೆ; ಬ್ರಷ್‌ನಿಂದ ಪೂರ್ತಿ ತೆಗೆದ ಮೇಲೇ ಕನ್ಸೋಲ್‌ಗೆ ಹಾಕಿ.