ಅನಲಾಗ್ ಡ್ರಮ್‌ಗೆ ಬೀಟ್‌ಸ್ಟೆಪ್ ಪ್ರೋ ಬೇಕೋ, ಎಸ್‌ಕ್ಯೂ-1 ಸಾಕೋ?

ಕಿಕ್, ಸ್ನೇರ್, ಹ್ಯಾಟ್‌ಗೆ ಬೇರೆ ಬೇರೆ ಮಾಡ್ಯೂಲ್ (ಸದ್ದು ಹುಟ್ಟಿಸುವ ಘಟಕ) ಇದ್ದರೆ ಆರ್ಟೂರಿಯಾದ ಬೀಟ್‌ಸ್ಟೆಪ್ ಪ್ರೋ ಸೀಕ್ವೆನ್ಸರ್ ತಗೊಳ್ಳಿ; ಸೀಕ್ವೆನ್ಸರ್ ಎಂದರೆ ತಾಳವನ್ನು ಸ್ಟೆಪ್ ಸ್ಟೆಪ್ಪಾಗಿ ನೆನಪಿಟ್ಟು ನುಡಿಸುವ ಯಂತ್ರ. ಇದರಲ್ಲಿ 8 ಡ್ರಮ್ ಗೇಟ್‌ಗಳಿವೆ (‘ಈಗ ಬಡಿ’ ಎಂಬ ವೋಲ್ಟೇಜ್ ಸಂಕೇತ ಹೊರಡುವ ಜಾಕ್‌ಗಳು), 3.5 ಮಿ.ಮೀ. ಮೋನೋ ಕೇಬಲ್‌ನಿಂದ ಒಂದೊಂದನ್ನೂ ಆ ಸಂಕೇತ ಪಡೆಯುವ ಮಾಡ್ಯೂಲ್‌ನ ಟ್ರಿಗರ್ ಇನ್‌ಗೆ ಚುಚ್ಚಿದರಾಯಿತು. ಆದರೆ ಪ್ಯಾಡನ್ನು ಎಷ್ಟೇ ಜೋರಾಗಿ ಬಡಿದರೂ ಗೇಟ್ ವೋಲ್ಟೇಜ್ ಒಂದೇ. ಏಟಿನ ಏರಿಳಿತ ಬೇಕಾದ ಡ್ರಮ್ಮನ್ನು ಬೀಟ್‌ಸ್ಟೆಪ್‌ನೊಳಗಿನ ಸೀಕ್ವೆನ್ಸರ್ 1ರಿಂದ ನುಡಿಸಿ: ಗೇಟ್ ಔಟ್ ಟ್ರಿಗರ್‌ಗೆ, ಏಟಿನ ಜೋರನ್ನು ವೋಲ್ಟೇಜ್ ಆಗಿ ಕೊಡುವ ವೆಲಾಸಿಟಿ ಔಟ್ ವಿಸಿಎಗೆ (ವೋಲ್ಟೇಜ್‌ಗೆ ತಕ್ಕಂತೆ ಸದ್ದು ಏರಿಳಿಸುವ ಘಟಕ). ಕಾರ್ಗ್‌ನ ಡ್ರಮ್ ಯಂತ್ರ ವೋಲ್ಕಾ ಬೀಟ್ಸ್ ಸಿಂಕ್ ಮಾಡುವಾಗ ಲಯ ಕಳಿಸುವ ಕ್ಲಾಕ್ ಔಟನ್ನು 2 ಪಿಪಿಕ್ಯೂಗೆ (ಒಂದು ಕ್ವಾರ್ಟರ್ ನೋಟ್‌ಗೆ ಎರಡು ಮಿಡಿತ) ಇಡಿ. 24ರಲ್ಲೇ ಬಿಟ್ಟರೆ ವೋಲ್ಕಾ ದಿಕ್ಕೆಟ್ಟು ಓಡುತ್ತದೆ.

ಕಾರ್ಗ್ ಎಸ್‌ಕ್ಯೂ-1ರಲ್ಲಿ ಗೇಟ್ ಎರಡೇ, ಸಾಲಿಗೆ 8 ಸ್ಟೆಪ್. ಎರಡು ಎಎ ಸೆಲ್ ಸಾಕು. ಕಿಕ್ ಒಂದನ್ನೇ ಆಡಿಸುವುದಾದರೆ ನಮ್ಮ ಆಯ್ಕೆ ಇದೇ: ಸಿವಿಯನ್ನು (ನಿಯಂತ್ರಣ ವೋಲ್ಟೇಜ್) ಕಿಕ್‌ನ ಪಿಚ್‌ಗೆ ಕೊಟ್ಟು ನಾಬ್ ತಿರುಗಿಸಿದರೆ ಒಂದೊಂದು ಏಟೂ ಬೇರೆ ಸ್ವರದಲ್ಲಿ ಗುಮ್ಮೆನ್ನುತ್ತದೆ.