ಎರಡು ನೋವಿಗೆ ಯಾವ ಗುಳಿಗೆ? ನಾನು ತಗೊಂಡು ನೋಡಿದ್ದು

ಅರೆತಲೆನೋವಿಗೂ ಮುಟ್ಟಿನ ಹೊಟ್ಟೆನೋವಿಗೂ ಸಂಬಂಧ ಇದೆಯಾ ಅಂತ ಕೇಳುವ ಹೆಣ್ಣುಮಕ್ಕಳು ನಮ್ಮ ರಾಯಚೂರಿನಲ್ಲೇ ಎಷ್ಟೋ ಜನ ಇದ್ದಾರೆ. ನನಗೆ ಎರಡೂ ಇವೆ. ಒಂದು ಮೈಗ್ರೇನ್. ಇನ್ನೊಂದು ಎಂಡೊಮೆಟ್ರಿಯೋಸಿಸ್, ಅಂದರೆ ಗರ್ಭಕೋಶದ ಒಳಪದರದಂಥದೇ ಪದರ ಹೊರಗಡೆ ಬೆಳೆಯುವುದು. ಅಂಡಾಶಯದ ಮೇಲೆ, ಕರುಳಿನ ಹತ್ತಿರ, ಎಲ್ಲಿ ಬೇಕಾದರೂ. ಸ್ಕ್ಯಾನಿಂಗ್‌ನಲ್ಲಿ ಚಾಕೊಲೇಟ್ ಸಿಸ್ಟ್ (ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿದ ಗುಳ್ಳೆ) ಕಂಡ ಮೇಲೆಯೇ ನನಗೆ ಈ ಹೆಸರು ಗೊತ್ತಾಗಿದ್ದು. ಎರಡಕ್ಕೂ ಸೇರಿ ನಾನು ಮೂರು ದಾರಿ ನೋಡಿದ್ದೇನೆ. ನಾಲ್ಕನೆಯದನ್ನು ನಮ್ಮ ವೈನಿ ನೋಡಿದ್ದಾರೆ.

ಮೊದಲು ಸಂಬಂಧದ ಮಾತು. ಇದೆ. 2004ರಲ್ಲಿ ಇಟಲಿಯಿಂದ ಬಂದ ಒಂದು ಅಧ್ಯಯನದಲ್ಲಿ ಎಂಡೊಮೆಟ್ರಿಯೋಸಿಸ್ ಇದ್ದವರ ಪೈಕಿ ಸುಮಾರು ಶೇ. 38 ಜನಕ್ಕೆ ಮೈಗ್ರೇನ್ ಇತ್ತು. ಇಲ್ಲದವರಲ್ಲಿ ಅದು ಶೇ. 15 ಅಷ್ಟೇ. 2020ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಎರಡರ ಹಿಂದೆಯೂ ಒಂದೇ ರೀತಿಯ ಕೆಲವು ಜೀನ್‌ಗಳಿವೆ ಎಂದು ತೋರಿಸಿದರು. ಹಾಗಂತ ಒಂದರಿಂದ ಇನ್ನೊಂದು ಹುಟ್ಟುತ್ತದೆ ಅಂತ ಅರ್ಥ ಅಲ್ಲ. ಆದರೆ ಎರಡನ್ನೂ ಕೆರಳಿಸುವವು ಒಂದೇ ಹೊತ್ತಿಗೆ ಬರುತ್ತವೆ. ಮುಟ್ಟಿಗೆ ಮುಂಚೆ ಈಸ್ಟ್ರೋಜನ್ ಅನ್ನುವ ಹೆಣ್ಣಿನ ಹಾರ್ಮೋನ್ ಸರ್ರನೆ ಇಳಿಯುತ್ತದೆ, ತಲೆ ಸಿಡಿಯುತ್ತದೆ. ಅದೇ ದಿನಗಳಲ್ಲಿ ಗರ್ಭಕೋಶ ಪ್ರೊಸ್ಟಾಗ್ಲಾಂಡಿನ್ ಅನ್ನುವ ನೋವು ತರುವ ರಾಸಾಯನಿಕ ಬಿಡುತ್ತದೆ, ಹೊಟ್ಟೆ ಹಿಂಡುತ್ತದೆ. ಅದಕ್ಕೇ ಒಂದಕ್ಕೆ ತಗೊಂಡ ಔಷಧ ಇನ್ನೊಂದನ್ನು ತಟ್ಟದೇ ಬಿಡುವುದಿಲ್ಲ.

ನೋವಿನ ಗುಳಿಗೆಯಿಂದ ಶುರು ಮಾಡುತ್ತೇನೆ, ಎಲ್ಲರೂ ಅಲ್ಲಿಂದಲೇ ಶುರು ಮಾಡುವುದು. ಮುಟ್ಟಿನ ನೋವು ಅಂದರೆ ಸಾಕು, ಮೆಡಿಕಲ್ ಅಂಗಡಿಯಲ್ಲಿ ಮೆಫೆನಾಮಿಕ್ ಆಸಿಡ್ ಇರುವ ಗುಳಿಗೆ ಕೊಡುತ್ತಾರೆ. ನನಗೆ ಅದು ಹೊಟ್ಟೆಗೆ ಪರವಾಗಿಲ್ಲ, ತಲೆಗೆ ಅರ್ಧಂಬರ್ಧ. ನ್ಯಾಪ್ರೊಕ್ಸೆನ್ ಇದಕ್ಕಿಂತ ಮೇಲು. ಒಮ್ಮೆ ತಗೊಂಡರೆ ಜಾಸ್ತಿ ಹೊತ್ತು ಇರುತ್ತದೆ, ಎರಡೂ ನೋವಿಗೆ ತಾಕುತ್ತದೆ. ಡಾಕ್ಟರ್ ಹೇಳಿದಂತೆ ಮುಟ್ಟಿಗೆ ಎರಡು ದಿನ ಮೊದಲೇ ಶುರು ಮಾಡಿದರೆ ಇನ್ನೂ ಚೆನ್ನ. ಆದರೆ ಡೇಟ್ ಸರಿಯಾಗಿ ಬರುವವರಿಗೆ ಮಾತ್ರ ಆ ಲೆಕ್ಕ ಕೂಡುತ್ತದೆ. ಊಟ ಮಾಡದೇ ನುಂಗಬಾರದು, ಹೊಟ್ಟೆ ಉರಿ ಬರುತ್ತದೆ.

ಇದರ ದೊಡ್ಡ ತೊಂದರೆ ಬೇರೆಯೇ ಇದೆ. ತಿಂಗಳಲ್ಲಿ 15 ದಿನ ಅಥವಾ ಅದಕ್ಕಿಂತ ಜಾಸ್ತಿ ನೋವಿನ ಗುಳಿಗೆ ತಗೊಳ್ಳುತ್ತಾ ಹೋದರೆ ಗುಳಿಗೆಯೇ ತಲೆನೋವು ತರುತ್ತದೆ. ಸುಮಾಟ್ರಿಪ್ಟಾನ್‌ನಂಥ ಮೈಗ್ರೇನ್ ಗುಳಿಗೆಗೆ ಆ ಮಿತಿ 10 ದಿನ. ಹೊಟ್ಟೆಗೆ ಒಂದು, ತಲೆಗೆ ಒಂದು ಅಂತ ಬೇರೆ ಬೇರೆ ಚೀಟಿ ಇಟ್ಟುಕೊಂಡವರು ಈ ಮಿತಿಯನ್ನು ಸುಲಭವಾಗಿ ದಾಟಿಬಿಡುತ್ತಾರೆ, ಯಾಕಂದರೆ ಕೂಡಿಸಿ ಎಣಿಸುವವರು ಯಾರೂ ಇರುವುದಿಲ್ಲ.

ಎರಡನೆಯದು ಗರ್ಭನಿರೋಧಕ ಗುಳಿಗೆ, ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ (ಪ್ರೊಜೆಸ್ಟರಾನ್ ಹಾರ್ಮೋನಿನಂಥ ಔಷಧ) ಎರಡೂ ಇರುವಂಥದ್ದು. ಒಂದು ಆಸ್ಪತ್ರೆಯಲ್ಲಿ ಬರೆದುಕೊಟ್ಟರು. ಹೊಟ್ಟೆನೋವು ಎಷ್ಟು ಇಳಿಯಿತು ಅಂದರೆ ಡೇಟ್ ಬಂದ ದಿನವೂ ಕೆಲಸಕ್ಕೆ ಹೋಗುತ್ತಿದ್ದೆ. ನಾನು ಹತ್ತಿ ಮಾರ್ಕೆಟ್ಟಿನ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಒಂದಿನ ಖಾತೆ ಕೂಡಿಸುತ್ತಾ ಕೂತಾಗ ಸಾಲಿನ ನಡುವಿನ ಅಂಕಿಗಳು ಕಾಣದಾದವು. 4,350 ಅಂತ ಬರೆದಲ್ಲಿ 4 ಇದೆ, 0 ಇದೆ, ನಡುವೆ ಖಾಲಿ. ಆ ಖಾಲಿಯ ಅಂಚಿಗೆ ಗರಗಸದ ಹಲ್ಲಿನಂಥ ಬೆಳಕಿನ ಗೆರೆ ಮಿಣಮಿಣ ಅನ್ನುತ್ತಾ ದೊಡ್ಡದಾಗುತ್ತಾ ಹೋಯಿತು. ಕಣ್ಣು ಮುಚ್ಚಿದರೂ ಹೋಗಲಿಲ್ಲ. ಅದು ಮರೆಯಾದ ಮೇಲೆ ಬಲಗಡೆ ತಲೆನೋವು ಶುರುವಾಯಿತು. ಮೊದಲೂ ಅಪರೂಪಕ್ಕೆ ಹೀಗೆ ಆಗುತ್ತಿತ್ತು, ಈ ಗುಳಿಗೆ ಶುರುವಾದ ಮೇಲೆ ಮೇಲಿಂದ ಮೇಲೆ ಆಗತೊಡಗಿತು.

ಇದಕ್ಕೆ ಔರಾ ಅನ್ನುತ್ತಾರೆ. ಸಾಮಾನ್ಯವಾಗಿ 5 ನಿಮಿಷದಿಂದ ಒಂದು ಗಂಟೆಯವರೆಗೆ ಇರುತ್ತದೆ. ಔರಾ ಇರುವ ಮೈಗ್ರೇನ್‌ನವರಿಗೆ ಪಾರ್ಶ್ವವಾಯುವಿನ ಅಪಾಯ ಉಳಿದವರಿಗಿಂತ ಸ್ವಲ್ಪ ಜಾಸ್ತಿ, ಈಸ್ಟ್ರೋಜನ್ ಇರುವ ಗುಳಿಗೆ ಅದನ್ನು ಇನ್ನೂ ಏರಿಸುತ್ತದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಇಂಥವರಿಗೆ ಯಾವ ವಯಸ್ಸಿನಲ್ಲೂ ಈ ಗುಳಿಗೆ ಬೇಡ ಅನ್ನುತ್ತದೆ. ಬರೆದುಕೊಡುವಾಗ ನನ್ನನ್ನು ಯಾರೂ ‘ತಲೆನೋವಿಗೆ ಮುಂಚೆ ಕಣ್ಣಿಗೆ ಏನಾದರೂ ಕಾಣುತ್ತದಾ’ ಅಂತ ಕೇಳಲಿಲ್ಲ. ಒಂದೇ ಒಂದು ಪ್ರಶ್ನೆ, ಅಷ್ಟೇ. ಇದು ನೆನಪಾದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಔರಾ ಇಲ್ಲದ, 35 ದಾಟದ ಎಷ್ಟೋ ಜನರಿಗೆ ಇದೇ ಗುಳಿಗೆ ಒಗ್ಗುತ್ತದೆ, ಅದು ನಿಜ. ನನಗಂತೂ ಅಲ್ಲ.

ಹೈದರಾಬಾದಿನಲ್ಲಿ ತೋರಿಸಿದಾಗ ಆ ಡಾಕ್ಟರಮ್ಮ ಮೊದಲು ಕೇಳಿದ್ದೇ ಕಣ್ಣಿನ ಮಾತು. ಹಳೆಯ ಗುಳಿಗೆ ನಿಲ್ಲಿಸಿ ಡೈನೋಜೆಸ್ಟ್ ಅನ್ನುವ ಪ್ರೊಜೆಸ್ಟಿನ್ ಗುಳಿಗೆ ಕೊಟ್ಟರು. ದಿನಾ 2 ಮಿಲಿಗ್ರಾಂ, ನಡುವೆ ಬಿಡುವಂತಿಲ್ಲ. ಇದರಲ್ಲಿ ಈಸ್ಟ್ರೋಜನ್ ಇಲ್ಲ. ಹಾರ್ಮೋನ್ ತಿಂಗಳು ತಿಂಗಳು ಏರಿಳಿಯುವುದೂ ಕಡಿಮೆಯಾಗುತ್ತದೆ.

ಶುರುವಿನ ತಿಂಗಳುಗಳು ಕಷ್ಟ. ಯಾವಾಗ ಬೇಕಾದರೂ ಚೂರು ಚೂರು ರಕ್ತ ಹೋಗುತ್ತದೆ, ಪ್ಯಾಡ್ ಇಲ್ಲದೇ ಹೊರಗೆ ಹೋಗುವ ಹಾಗಿಲ್ಲ. ನಮ್ಮ ಅತ್ತೆ ‘ಹಿಂಗ ದಿನಾ ಆದ್ರ ದೇವರ ಕೆಲಸ ಹೆಂಗ ಮಾಡ್ತಿ’ ಅಂತ ಬೇಜಾರು ಮಾಡಿಕೊಂಡರು. ಮನಸ್ಸೂ ಸುಮ್ನೆ ಸಣ್ಣದಾಗುತ್ತಿತ್ತು, ಅಳು ಬರುತ್ತಿತ್ತು. ಈ ಗುಳಿಗೆಯಿಂದಲೇ ಕೆಲವರಿಗೆ ತಲೆನೋವು ಬರುವುದೂ ಉಂಟು. ನನಗೆ ಆಗಿದ್ದು ಉಲ್ಟಾ. ರಕ್ತ ನಿಂತ ಮೇಲೆ ಹೊಟ್ಟೆನೋವು ಹೋಯಿತು, ಮುಟ್ಟಿನ ಜೊತೆ ಬರುತ್ತಿದ್ದ ಮೈಗ್ರೇನೂ ಹೋಯಿತು. ಬಿಸಿಲಿಗೆ, ಉಪವಾಸಕ್ಕೆ, ನಿದ್ದೆಗೆಟ್ಟಾಗ ಬರುವುದು ಹಾಗೇ ಇದೆ. ಏಪ್ರಿಲ್, ಮೇನಲ್ಲಿ ನಮ್ಮೂರು 40 ಡಿಗ್ರಿ ದಾಟುತ್ತದೆ ಅಲ್ವಾ, ಅದಕ್ಕೆ ಯಾವ ಹಾರ್ಮೋನೂ ಏನೂ ಮಾಡಲಾರದು. ಆ ನೋವಿಗೆ ನ್ಯಾಪ್ರೊಕ್ಸೆನ್ ಇಟ್ಟುಕೊಂಡಿದ್ದೇನೆ, ಜೋರಾದರೆ ಸುಮಾಟ್ರಿಪ್ಟಾನ್. ಅದನ್ನು ಬೆಳಕಿನ ಗೆರೆ ಕಂಡ ಕೂಡಲೇ ಅಲ್ಲ, ನೋವು ಶುರುವಾದ ಕೂಡಲೇ ತಗೊಳ್ಳಬೇಕು. ಬಿಪಿ ಹತೋಟಿಯಲ್ಲಿ ಇಲ್ಲದವರು, ಹೃದಯದ ಕಾಯಿಲೆ ಇರುವವರು ಮುಟ್ಟಬಾರದು.

ವೈನಿ ಹಾಕಿಸಿಕೊಂಡಿದ್ದು ಹಾರ್ಮೋನ್ ಇರುವ ಕಾಪರ್-ಟಿಯಂಥದ್ದು, ಲೆವೊನೊರ್‌ಜೆಸ್ಟ್ರೆಲ್ ಬಿಡುವ ಸಾಧನ. ಒಮ್ಮೆ ಹಾಕಿಸಿದರೆ ವರ್ಷಗಟ್ಟಲೆ ದಿನಾ ಗುಳಿಗೆಯ ಚಿಂತೆ ಇಲ್ಲ. ಅವರ ಹೊಟ್ಟೆನೋವು, ರಕ್ತಸ್ರಾವ ಎರಡೂ ಚೆನ್ನಾಗಿ ಇಳಿದವು. ತಲೆನೋವು ಮಾತ್ರ ಇದ್ದಲ್ಲೇ ಇದೆ. ಅದರ ಕೆಲಸ ಹೆಚ್ಚಾಗಿ ಗರ್ಭಕೋಶದ ಒಳಗೇ ನಡೆಯುತ್ತದೆ. ಅಂಡಾಶಯ ತನ್ನ ಪಾಡಿಗೆ ನಡೆಯುವುದರಿಂದ ಹಾರ್ಮೋನ್ ಏರಿಳಿತ ಮುಂದುವರಿಯುತ್ತದೆ. ಹೊಟ್ಟೆಯೇ ಮುಖ್ಯ, ತಲೆನೋವು ಅಷ್ಟಿಲ್ಲ ಅನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. ಎರಡೂ ಕಾಡುವವರು ಡೈನೋಜೆಸ್ಟ್ ಬಗ್ಗೆ ಮೊದಲು ಕೇಳಿ.

‘ಮಗು ಆದ್ರ ಎಲ್ಲ ಸರಿ ಹೋಗ್ತೈತಿ’ ಅನ್ನುವುದನ್ನು ಚಿಕಿತ್ಸೆಯ ಪಟ್ಟಿಗೆ ಸೇರಿಸಬೇಡಿ. ಬಸುರಿದ್ದಾಗ ಕೆಲವರಿಗೆ ನೋವು ಕಡಿಮೆಯಾಗುತ್ತದೆ, ಆಮೇಲೆ ಮತ್ತೆ ಬರುತ್ತದೆ. ಹದಿನೆಂಟರ ಹುಡುಗಿಗೆ ಈ ಮಾತು ಹೇಳಿ ಮದುವೆ ಮಾಡುವುದನ್ನು ನೋಡಿದ್ದೇನೆ. ಅದು ಬಹಳ ತಪ್ಪು.

ಡೈನೋಜೆಸ್ಟ್‌ನಲ್ಲಿ ನನಗೆ ಉಳಿದಿರುವ ಚಿಂತೆ ಎರಡು. ಬಹಳ ಕಾಲ ತಗೊಂಡರೆ ಮೂಳೆಯ ಸಾಂದ್ರತೆ ಕಡಿಮೆಯಾಗಬಹುದು, ಅದರ ಪರೀಕ್ಷೆ ಯಾವಾಗ ಮಾಡಿಸಬೇಕು ಅಂತ ಈ ಸಲ ಕೇಳಬೇಕು. ಇನ್ನು ಮಗು ಬೇಕು ಅಂದರೆ ಗುಳಿಗೆ ನಿಲ್ಲಿಸಲೇಬೇಕು. ನಿಲ್ಲಿಸಿದ ಮೇಲೆ ಎರಡೂ ನೋವು ಒಟ್ಟಿಗೆ ವಾಪಸ್ ಬಂದರೆ ಏನು ತಗೊಳ್ಳಬಹುದು, ಏನು ತಗೊಳ್ಳಬಾರದು ಅಂತ ಸ್ತ್ರೀರೋಗ ತಜ್ಞೆಯನ್ನೂ ನರರೋಗದ ಡಾಕ್ಟರನ್ನೂ ಇಬ್ಬರನ್ನೂ ಕೇಳಿ, ಒಂದೇ ಚೀಟಿಯಲ್ಲಿ ಬರೆಸಿಕೊಂಡು ಬರುತ್ತೇನೆ.